ಕರೆದರೆ ಅಡಗುವ ಟೈಗರ್

ಜವರಮ್ಮ ಗೋಣಿಬೀಡು ಕಡೆಯ ತೋಟವೊಂದರಲ್ಲಿ ಮೂವತ್ತು ವರ್ಷದಿಂದ ಕಾಫಿ ಕೊಯ್ಯುವವಳು. ಓದಿಲ್ಲ, ಬಾಯಿ ಇದೆ. ಆ ಬಾಯನ್ನು ಮೇಸ್ತ್ರಿಯ ಮೇಲೆ, ಮಳೆಯ ಮೇಲೆ, ಒಮ್ಮೊಮ್ಮೆ ದೇವರ ಮೇಲೂ ಬಿಡುತ್ತಿದ್ದಳು. ಯಜಮಾನ ಸೋಮಶೇಖರಪ್ಪನವರ ಎದುರು ಮಾತ್ರ ಬಿಟ್ಟವಳಲ್ಲ.

ಅವರ ನಾಯಿ ಟೈಗರ್ ಹೆಸರಿಗಷ್ಟೇ ಹುಲಿ. ಯಜಮಾನರು ಕರೆದರೆ ಸಾಕು, ಸೌದೆ ಕೊಟ್ಟಿಗೆಗೆ ನುಗ್ಗುತ್ತಿತ್ತು. ಒಂದು ದಿನ ಹೊರಗೆಳೆಯಲು ಹೋದ ಅವರ ಕೈಯನ್ನೇ ಕಚ್ಚಿತು. ಚಿಕ್ಕಮಗಳೂರಿನಿಂದ ಟ್ರೈನರ್ ಜಯಪ್ರಕಾಶ್ ಬಂದ. ಕೊರಳಲ್ಲಿ ಸೀಟಿ, ಜೇಬಲ್ಲಿ ಬಿಸ್ಕತ್ತು. ನಾಯಿ ಯಾಕೆ ಹೀಗಾಯಿತೆಂದು ಯಾರನ್ನೂ ಕೇಳದೆ ಹತ್ತು ದಿನ 'ಸಿಟ್, ಕಮ್' ಎಂದು ಅರಚಿದ. ಕೊನೆಗೆ ಕೂತವನು ಅವನೇ. ಜಗಲಿಯಲ್ಲಿ ಕೂತು ಯಜಮಾನರ ಹೆಂಡತಿ ಗಿರಿಜಾಂಬಾ ಮಾಡಿದ ಕಡುಬು ತಿಂದು, "ಈ ತಳಿನೇ ಸರಿಯಿಲ್ಲ ಸಾರ್" ಎಂದು ಎದ್ದುಹೋದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಭಾನುವಾರ ಇದನ್ನ ಜೀಪಲ್ಲಿ ಹಾಕಿ ಘಾಟಿಯಲ್ಲಿ ಬಿಟ್ಬನ್ನಿ," ಎಂದು ಆಳುಗಳಿಗೆ ಹೇಳಿದರು ಯಜಮಾನರು.

ಅದನ್ನು ಕೇಳಿದ ಜವರಮ್ಮ ಬುಟ್ಟಿ ಕೆಳಗಿಟ್ಟಳು. "ಬಾ ಮಗಾ" ಎಂದರೆ ಬಾಲ ಅಲ್ಲಾಡಿಸುತ್ತ ಬಂದು ಅವಳ ಬುತ್ತಿಯ ರೊಟ್ಟಿ ತಿನ್ನುವ ಪ್ರಾಣಿ ಅದು. ನಾಯಿಗೆ ಹುಚ್ಚು ಹಿಡಿದಿಲ್ಲ, ಇನ್ನೇನೋ ಇದೆ ಎಂದುಕೊಂಡಳು.

ಶನಿವಾರ ಕಣದಲ್ಲಿ ಕಾಫಿ ಹರವುತ್ತಾ ಕಣ್ಣಿಟ್ಟಳು. ಬಾಳೆಗೆ ಮಂಗ ಬಂತು. ಯಜಮಾನರು "ಟೈಗರ್! ಛೂ!" ಎಂದು ಕೂಗಿದವರೇ ಪಟಾಕಿ ಹಚ್ಚಿ ಎಸೆದರು. ಢಂ! ಮಂಗ ಆರಾಮಾಗಿ ಹಣ್ಣು ಸುಲಿಯುತ್ತಿತ್ತು, ಉಚ್ಚೆ ಹೊಯ್ದುಕೊಂಡದ್ದು ನಾಯಿ. ಸಂಜೆಯೊಳಗೆ ನಾಲ್ಕು ಸಲ ಇದೇ ಆಯಿತು. ಮೊದಲು ಹೆಸರು, ಆಮೇಲೆ ಢಂ.

ಹೇಳಿದರೆ ತೋಟದವರು ಕೊಟ್ಟ ಲೈನ್ ಮನೆ ಖಾಲಿ ಮಾಡಬೇಕಾದೀತು. ಹೇಳದಿದ್ದರೆ ನಾಯಿ ಹೋಗುತ್ತದೆ. ಜವರಮ್ಮ ಸೆರಗು ಬಿಗಿದು ಜಗಲಿಯೆದುರು ನಿಂತಳು.

"ಅಯ್ಯಾ, ನಾಯಿಗೆ ಏನೂ ಆಗಿಲ್ಲ. ನೀವು ಹೆಸರು ಕೂಗಿದ ಕೂಡ್ಲೇ ಪಟಾಕಿ ಹೊಡೀತೀರಿ. ಅದ್ರ ತಲೇಲಿ ಟೈಗರ್ ಅಂದ್ರೆ ಢಂ. ಮೊದ್ಲು ಅದನ್ನ ನಿಲ್ಸಿ, ಆಮೇಲೆ ಬೇಕಾದ್ದು ಕಲ್ಸಿ."

"ನಾಯಿ ತಲೇಲಿ ಇರೋದು ನಿಂಗೆ ಹೆಂಗೆ ಗೊತ್ತಾಯ್ತೇ?" ಯಜಮಾನರು ಗುಡುಗಿದರು.

"ನೀವು 'ಜವರಮ್ಮಾ' ಅಂತ ಕೂಗಿದ್ರೆ ನಾನೂ ಗಿಡದ ಹಿಂದೆ ಅಡಗ್ತೀನಲ್ಲ, ಅಯ್ಯಾ. ಮೂವತ್ತು ವರ್ಷ ಆಯ್ತು. ಕಚ್ಚಿಲ್ಲ, ಅಷ್ಟೇ."

ಒಳಗೆ ಗಿರಿಜಾಂಬಾ ಕಿಸಕ್ಕನೆ ನಕ್ಕರು. ಯಜಮಾನರು ಬಟ್ಟೆ ಸುತ್ತಿದ್ದ ಕೈಯಿಂದಲೇ ಜಗಲಿಯ ಮೇಲಿದ್ದ ಪಟಾಕಿ ಪೊಟ್ಟಣವನ್ನು ಒಳಗೆ ಎತ್ತಿಟ್ಟರು. ಭಾನುವಾರ ಜೀಪು ಶೆಡ್ಡಿನಿಂದ ಹೊರಡಲಿಲ್ಲ.