ನುಂಗಿದ ಒಂದು ಪದ

'ಗುಂಡು ಹಾರಿಸಿ' ಎಂದು ಜೋಡಿದಾರರೇ ಹೇಳಿದರು — ಕಳ್ಳಂಬೆಳ್ಳದ ಸುತ್ತ ಇಂದಿಗೂ ಇದೇ ಮಾತು. ಆಯಿತು, ಕಿವಿಯಾರೆ ಕೇಳಿದವರು ಯಾರು? ಕೆದಕಿ ನೋಡಿ, ಎಲ್ಲರೂ ಕೊನೆಗೆ ತೋರಿಸುವುದು ಒಬ್ಬನೇ ಸಾಕ್ಷಿಯನ್ನು. ಆ ಸಾಕ್ಷಿ ನಾನು. ನಾನು ಹೇಳಿದ್ದು ಸುಳ್ಳಲ್ಲ — ಸುಳ್ಳಿಗಿಂತ ಕೆಟ್ಟದ್ದು.

ಜೋಡಿದಾರರೇ, ಇನ್ನು ನಿಮಗೇ ಹೇಳುತ್ತೇನೆ. ಊರಿಗೆ ಊರೇ ನಿಮ್ಮ ಜಮೀನು. ಪ್ರಜಾಪ್ರತಿನಿಧಿ ಸಭೆಯಲ್ಲಿ ನೀವು ಮಹಾರಾಜರ ಪರ. ನಾನು ಮಧುಗಿರಿಯ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬೀಗುತ್ತಿದ್ದ ಹತ್ತೊಂಬತ್ತರವನು. ಒಮ್ಮೆ ತೀರ್ಪುಗಾರರಾಗಿ ಬಂದಿದ್ದ ನೀವೇ ನಕ್ಕಿರಿ: "ಎದುರಾಳಿ ಮಾತ್ನ ದರ್ಜಿಗಿಂತ ನುಣ್ಣಗೆ ಕತ್ತರಿಸ್ತೀಯ ಕಣ್ಲಾ!" ನನಗದು ಬಿರುದಾಗಿ ಕೇಳಿಸಿತ್ತು.

ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಇನ್ನೂ ಜವಾಬ್ದಾರಿ ಸರ್ಕಾರಕ್ಕಾಗಿ ಕೂಗುತ್ತಿದ್ದ ದಿನಗಳು. ನಿಮ್ಮ ಮನೆಯ ಮೇಲೆ ಬಾವುಟ ಕಟ್ಟಲು ನುಗ್ಗಿದೆವು. ನನ್ನ ಗೆಳೆಯ, ಕುರಿಗಾರರ ಚಿಕ್ಕಣ್ಣ, ಗೋಡೆ ಹತ್ತಿದ. ನಿಮ್ಮ ಆಳುಗಳಿಬ್ಬರು ಕೆಳಗಿನಿಂದ ಪಂಚೆ ಹಿಡಿದು ಜಗ್ಗಿದರು. "ಪಂಚೆ ಬುಡ್ರಣ್ಣೋ, ಮಾನ ಹೋಯ್ತದೆ!" ಎಂದ, ಎಲ್ಲರೂ ನಕ್ಕರು. ನೀವು ಜಗಲಿಗೆ ಬಂದು ಕೂಗಿದಿರಿ:

"ಬುಡ್ರಲೇ ಅವುನ್ನ!"

ನಾನು ಕಂಬದ ಪಕ್ಕದಲ್ಲೇ ಇದ್ದೆ, ಪೂರ್ತಿ ಕೇಳಿದೆ. ಆ ಗಲಾಟೆಯಲ್ಲಿ ಹೆಬ್ಬಾಗಿಲ ಬಂದೂಕಿನವನಿಗೆ ಮುಟ್ಟಿದ್ದು ಮೊದಲ ಪದ ಮಾತ್ರ. ನಮ್ಮ ಕಡೆ ಹಿಡಿದ ಕೈಯನ್ನೂ ಬುಡುತ್ತಾರೆ, ಗುಂಡನ್ನೂ ಬುಡುತ್ತಾರೆ. ಅವನು ಗುಂಡು ಹಾರಿಸಿದ. ಚಿಕ್ಕಣ್ಣ ಬಿದ್ದಾಗ ಮುಖದಲ್ಲಿ ಆ ನಗು ಇನ್ನೂ — ಇಲ್ಲ, ಬರೆಯಲಾರೆ. "ಬುಡು ಅಂದ್ರಲ್ಲ, ಬುದ್ಧಿ..." ಎಂದು ಬಂದೂಕಿನವನು ನಿಮ್ಮ ಮುಖ ನೋಡಿದ.

ಮೂರನೆಯ ದಿನ ಸಿರಾದಲ್ಲಿ ಸಂತಾಪ ಸಭೆ. "ಜೋಡಿದಾರ ಏನಂದ, ಹೇಳ್ಲಾ!" ಎಂದು ಯಾರೋ ಕೂಗಿದರು.

"ಬುಡ್ರಲೇ, ಅಂದರು."

ಅಷ್ಟೇ. 'ಅವುನ್ನ' — ಅದೊಂದನ್ನು ನುಂಗಿದೆ. ಸಭೆ ಗರ್ಜಿಸಿತು, ನನ್ನ ಮೈ ಜುಮ್ಮೆಂದಿತು. ಗೆದ್ದೆ ಅನ್ನಿಸಿತು, ಹೌದು — ಗೆಳೆಯನ ಸಾವಿನ ಮೇಲೆ ನಿಂತು. ಆಗ ಕಂಡದ್ದು ನೀವು. ಜನರ ಕೊನೆಯ ಸಾಲಲ್ಲಿ, ಪೇಟವಿಲ್ಲದ ತಲೆಯಲ್ಲಿ, ದುಃಖಕ್ಕೆ ಬಂದವರಂತೆ. ಕಣ್ಣಿಗೆ ಕಣ್ಣು ಕೂಡಿತು. ನೀವು ತುಟಿ ಬಿಚ್ಚಲಿಲ್ಲ. ಆಮೇಲೆ ಪೊಲೀಸರೆದುರೂ "ಆ ಮಾತು ನಂದೇ" ಎಂದಷ್ಟೇ ಹೇಳಿ ಸೆರೆಮನೆಗೆ ಹೋದಿರಿ.

ಈಗ ಬಿಡುಗಡೆಯಾಗಿ ಪಾವಗಡದಲ್ಲಿ ತಂಗಿಯ ಮನೆಯಲ್ಲಿದ್ದೀರಂತೆ. ನಾಳೆ ಸಿರಾದ ಅದೇ ಬಯಲಲ್ಲಿ ನಿಂತು ಆ ಪದವನ್ನು ಹೇಳುತ್ತೇನೆ. ಜನ ನಂಬದಿದ್ದರೆ ನಂಬದಿರಲಿ. ಆದರೆ ನನ್ನ ಯಾವ ವಾದಕ್ಕೂ ಸಿಗದೆ ಉಳಿದದ್ದು ಇದು — ಜೋಡಿದಾರರೇ, ಅಂದು ನೀವು ಬಾಯಿ ಮುಚ್ಚಿಕೊಂಡು ಉಳಿಸಿದ್ದು ಯಾರನ್ನು? ಬಂದೂಕಿನವನನ್ನೋ, ನನ್ನನ್ನೋ?