ಮಡಿ ಮತ್ತು ಮುಲಾಮು

ಮಂದಾಕಿನಿಬಾಯಿ ಇಪ್ಪತ್ತೆರಡು ವರ್ಷ ಶ್ರಾದ್ಧದ ಅಡಿಗೆ ಮಾಡಿದವರು. ಕಾಚಿಗೂಡದಿಂದ ಮಿಯಾಪುರದವರೆಗೆ ಕನ್ನಡದ ವೈಷ್ಣವರ ಮನೆಯಲ್ಲಿ ತಿಥಿ ಬಂದರೆ, ಪುರೋಹಿತ ಹೇಮಂತಾಚಾರ್ಯರು ಮೊದಲು ಅವರಿಗೇ ಫೋನು ಮಾಡುತ್ತಿದ್ದರು. ಗಂಡ ಪಾರ್ಶ್ವವಾಯು ಬಡಿದು ಮಲಗಿದ ಮೇಲೆ ಮನೆ ನಡೆದದ್ದು, ಮಗಳು ಭಕ್ತಿ ಓದಿದ್ದು ಆ ಕೆಲಸದಿಂದಲೇ.

ಮೂರು ವರ್ಷದ ಹಿಂದೆ ಅವರ ಕೈಗೆ ಇಸಬು ಹತ್ತಿತು. ಬೆರಳ ಸಂದು ಕೆಂಪಾಗಿ, ತುರಿಸಿ, ನೀರೂರಿ, ಒಣಗಿ ಸೀಳುತ್ತಿತ್ತು. ದವಾಖಾನೆಯ ಡಾಕ್ಟರಮ್ಮ ಹೇಳಿದ್ದು ಸರಳ: ಉಗುರುಬೆಚ್ಚಗಿನ ನೀರು, ಸೋಪು ಕಡಿಮೆ, ಕೈ ಹಸಿ ಇರುವಾಗಲೇ ದಪ್ಪಗೆ ಮುಲಾಮು. ದಿನಕ್ಕೆ ಐದಾರು ಸಲ, ತುರಿಕೆ ನಿಂತ ಮೇಲೂ.

ತೊಡಕಿದ್ದದ್ದು ಅಲ್ಲಿಯೇ. ಮಡಿಯಲ್ಲಿ ಅಡಿಗೆ ಮಾಡುವವರು ನಸುಕಿನಲ್ಲಿ ತಣ್ಣೀರು ಮಿಂದು, ಹಿಂಡಿದ ಸೀರೆಯುಟ್ಟು ಒಲೆಯ ಮುಂದೆ ನಿಂತರೆ, ಬ್ರಾಹ್ಮಣರ ಊಟವಾಗುವವರೆಗೆ ಮೈಲಿಗೆಯದೇನನ್ನೂ ಮುಟ್ಟುವಂತಿಲ್ಲ. ಮುಲಾಮಂತೂ ಮೈಲಿಗೆಯೇ. ಮಲಗುವಾಗ ಹಚ್ಚಿದ್ದನ್ನೂ ಅವರು ಬೆಳಿಗ್ಗೆ ಕಡಲೆಹಿಟ್ಟಿನಿಂದ ತಿಕ್ಕಿ ತೊಳೆಯುತ್ತಿದ್ದರು.

"ಔಷಧ ತಿಕ್ಕಿ ತಗದು, ಔಷಧ ಹತ್ತಲಿಲ್ಲ ಅಂತೀಯಲ್ಲಮ್ಮಾ," ಭಕ್ತಿ ಸಿಡುಕಿದಳು. "ನಿನ್ನ ಮಡಿ ಸುದ್ದಿ ಡಾಕ್ಟರಿಗೆ ಹೇಳೀಯೇನು?"

"ಹೇಳಿದ್ರ ಮಡಿ ಬಿಡು ಅಂತಾಳ. ಅದನ್ನ ಹೇಳ್ಲಿಕ್ಕೆ ಮನ್ಯಾಗ ನೀ ಇದ್ದೀಯಲ್ಲ."

ಮಿಯಾಪುರದ ಪ್ರಾಣೇಶರಾಯರ ತಂದೆಯ ತಿಥಿಯ ದಿನ, ವಡೆಗೆ ರುಬ್ಬಿದ ಉದ್ದಿನ ಹಿಟ್ಟಿಗೆ ಮೆಣಸು, ಶುಂಠಿ ಬಿದ್ದಿತ್ತು. ಕೈ ಹಾಕಿದ ಕೂಡಲೇ ಬೆಂಕಿ ಮುಟ್ಟಿದಂತಾಯಿತು. ಹಲ್ಲು ಕಚ್ಚಿ ನಾಲ್ಕು ವಡೆ ತಟ್ಟಿದರು. ಐದನೆಯದರಲ್ಲಿ ಕೆಂಪು ಎಳೆ ಕಂಡಿತು. ಅಡಿಗೆಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಷ್ಟನ್ನೇ ತೆಗೆದು ಒಗೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅದು ಪಿತೃಗಳ ಎಲೆಗೆ ಹೋಗುವ ಅಡಿಗೆ.

ಬಾಗಿಲಿಗೆ ಬಂದು, "ಆಚಾರ್ಯರ, ಹಿಟ್ಟಿನ್ಯಾಗ ರಕ್ತ ಬಿದ್ದದರಿ," ಎಂದರು.

ಪ್ರಾಣೇಶರಾಯರ ಹೆಂಡತಿ ಅನುರಾಧಾ ಬಾಯಿಗೆ ಸೆರಗು ಹಿಡಿದರು. "ಇಂಥಾ ಕೈ ಇಟಗೊಂಡು ಯಾಕ ಬಂದ್ರಿ?"

ಒಲೆ ತೊಳೆದು ಬೇರೆಯವರು ಮೊದಲಿನಿಂದ ಅಡಿಗೆ ಮಾಡಿದರು. ಮಂದಾಕಿನಿಬಾಯಿ ಒದ್ದೆ ಸೀರೆಯನ್ನು ಚೀಲಕ್ಕೆ ತುರುಕಿ ಮೆಟ್ರೋ ಹತ್ತಿದರು.

ಆಮೇಲೆ ಯಾರೂ ಕರೆಯಲಿಲ್ಲ. ಕೆಲಸವಿಲ್ಲದ ಕೈಗೆ ಹೊತ್ತುಹೊತ್ತಿಗೆ ಮುಲಾಮು ಸಿಕ್ಕಿತು. ಎರಡು ತಿಂಗಳಿಗೆ ಸೀಳುಗಳೆಲ್ಲ ಮುಚ್ಚಿದವು. ಅವರೇ ಆಚಾರ್ಯರಿಗೆ ಫೋನು ಮಾಡಿದರು.

"ಕೈ ನೆಟ್ಟಗಾಗ್ಯಾವರಿ. ಬೇಕಾದ್ರ ಬಂದು ನೋಡ್ರಿ."

"ಸಂತೋಷ ಆತರಿ ಬಾಯಿ. ಮುಲಾಮು ಬಿಟ್ಟೀರಿ, ಹೌದಲ್ರಿ?"

ಒಂದು ವಾರ ಬಿಟ್ಟರೆ ಬೆರಳು ಮತ್ತೆ ಬಿರಿಯುತ್ತಿತ್ತು. ಬಿಟ್ಟು ನೋಡಿದ್ದರು.

"ಇಲ್ರಿ."

ಆಚಾರ್ಯರು ಅಡಿಗೆಯ ಮಾತೆತ್ತದೆ, ಅವರ ಗಂಡನ ಆರೋಗ್ಯ ಹೇಗಿದೆ ಎಂದು ಕೇಳಿದರು.