ಗಿರಿಜಕ್ಕ ಮುಟ್ಟದ ಲೋಟ

ಆ ಹಾಳೆಗಳು ನನಗೆ ಸಿಕ್ಕಿದ್ದು ಈ ವರ್ಷ ಅಲ್ಲ. ಒಂಬತ್ತು ವರ್ಷದ ಹಿಂದೆ. ಅಷ್ಟೂ ಕಾಲ ಅವು ನನ್ನ ಕಪಾಟಿನಲ್ಲಿ ಮಡಿಸಿದ ಪಂಚೆಗಳ ಅಡಿಯಲ್ಲಿದ್ದವು — ನಾನು ತಿಂಗಳು ತಿಂಗಳೂ ನಿಮ್ಮೆದುರು ನಿಂತು, ಅಂಥ ಹಾಳೆ ಲೋಕದಲ್ಲೇ ಇಲ್ಲವೆಂದು ಹೇಳುತ್ತ ಬಂದೆ. ಅವನ್ನು ಹುಡುಕಿ ತಂದದ್ದಕ್ಕೆಂದು ನೀವು ನನಗೆ ಶಾಲು ಹೊದೆಸಿದಿರಿ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲವಾದರೆ ಸುತ್ತಿಬಳಸಿ ಮಾತಾಡಿ ಎಲ್ಲೋ ತಪ್ಪಿಸಿಕೊಂಡುಬಿಡುತ್ತೇನೆ. ನನ್ನ ಜಾಯಮಾನ ನನಗೆ ಗೊತ್ತು.

ಬಳಗಕ್ಕೆ ಹೊಸದಾಗಿ ಬಂದವರಿಗಾಗಿ ನಾಲ್ಕು ಮಾತು. ನಮ್ಮದು ತ್ರಿಯಂಬಕ ಅಭಿಮಾನಿ ಬಳಗ. ತ್ರಿಯಂಬಕ ಅಂದರೆ ಹಳೆಯ ವಾರಪತ್ರಿಕೆಯೊಂದರ ಧಾರಾವಾಹಿಗಳ ಪತ್ತೇದಾರ. ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ, ಒಮ್ಮೆ ಶಿರಸಿ, ಒಮ್ಮೆ ಸಿದ್ದಾಪುರ, ಒಮ್ಮೆ ಯಲ್ಲಾಪುರ — ಹದಿನೈದಿಪ್ಪತ್ತು ಜನ ಸೇರಿ ಅವನ ಒಂದೊಂದು ಕೇಸನ್ನು ಮತ್ತೆ ವಿಚಾರಣೆ ಮಾಡುತ್ತೇವೆ. ಕಥೆಯಲ್ಲಿ ತ್ರಿಯಂಬಕ ಚಹಾ ತರಿಸಿ ಎದುರಿಗೆ ಇಟ್ಟುಕೊಳ್ಳುತ್ತಾನೆ, ಅಪರಾಧಿ ಯಾರೆಂದು ತಿಳಿಯುವವರೆಗೆ ಮುಟ್ಟುವುದಿಲ್ಲ. ನಾವೂ ಹಾಗೆಯೇ. ಚಹಾ ಮೊದಲೇ ಸುರಿಯುತ್ತೇವೆ, ತೀರ್ಮಾನವಾದ ಮೇಲೆ ತಣ್ಣಗಾದದ್ದನ್ನೇ ಕುಡಿಯುತ್ತೇವೆ. ತೀರ್ಮಾನ ಒಪ್ಪದವರು ಲೋಟವನ್ನು ಹಾಗೇ ಬಿಡಬಹುದು. ಉಳಿದ ಚಹಾ ಚೆಲ್ಲುವುದು ಕಾರ್ಯದರ್ಶಿಯ ಕೆಲಸ. ಕಾರ್ಯದರ್ಶಿ ನಾನು, ಯಲ್ಲಾಪುರದ ಕೋರ್ಟಿನಿಂದ ನಿವೃತ್ತನಾದ ಶಿರಸ್ತೇದಾರ.

ತ್ರಿಯಂಬಕನ ಕಡೆಯ ಕೇಸು ಮುಗಿಯಲೇ ಇಲ್ಲ. ಹದಿನೆಂಟು ಕಂತು ಬಂದು, ಹತ್ತೊಂಬತ್ತನೆಯದು ಬರುವ ಮೊದಲು ಪತ್ರಿಕೆ ನಿಂತಿತು, ಬರೆದವರೂ ತೀರಿಹೋದರು. ಶ್ರೀಮಂತನೊಬ್ಬನ ಕೊಲೆ. ಕೊಂದವರು ಯಾರು? ನಾನು ರೈಲಿನ ವೇಳಾಪಟ್ಟಿಯನ್ನೆಲ್ಲ ಜಾಲಾಡಿ, ಅಳಿಯನೇ ಕೊಂದವನೆಂದು ಒಂದು ಕಿರುಪುಸ್ತಕವನ್ನೇ ಬರೆದೆ. ನೀವೆಲ್ಲ ಒಪ್ಪಿದಿರಿ. ಒಪ್ಪದೆ ಎದ್ದು ನಿಂತವರು ಗಿರಿಜಕ್ಕ ಒಬ್ಬರೇ.

ಗಿರಿಜಕ್ಕ ಹೇರೂರಿನವರು, ಸಿದ್ದಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ಸಭೆಯಲ್ಲಿ ಅವರು ಬಾಯಿ ಬಿಟ್ಟದ್ದು ಅಪರೂಪ. ಆ ದಿನ ಏಳನೆಯ ಕಂತು ತೆರೆದು ತೋರಿಸಿದರು. ಸತ್ತವನ ಕೋಟಿನ ಗುಂಡಿಯ ಬುಡದಲ್ಲಿ ದಾರ ಎಡಕ್ಕೆ ಸುತ್ತಿತ್ತು ಎಂದು ಅಲ್ಲಿ ಒಂದು ವಾಕ್ಯವಿದೆ. ಜಗ್ಗಾಟದಲ್ಲಿ ಕಿತ್ತ ಗುಂಡಿಯನ್ನು ಕೊಂದವರೇ ಮತ್ತೆ ಹೊಲಿದಿದ್ದಾರೆ, ಆ ಸುತ್ತು ಎಡಗೈಯವರದು, ಮೂರನೆಯ ಕಂತಿನಲ್ಲಿ ಎಡಗೈಯಿಂದ ಹೂ ಕಟ್ಟಿದವಳು ಸತ್ತವನ ತಂಗಿ — ಅವಳೇ. ಇಷ್ಟು ಹೇಳಿ ಅವರು ನನ್ನ ಮುಖ ನೋಡಿದರು. ಆ ವಾಕ್ಯವನ್ನು ನಾನು ಹತ್ತು ಸಲ ಓದಿದ್ದೆ, ಒಮ್ಮೆಯೂ ಕಂಡಿರಲಿಲ್ಲ. ಆಗ ನಾನು ಅಂದದ್ದು —

"ಗಿರಿಜಕ್ಕ, ಇದು ಕೊಲೆ ಕೇಸು. ಬ್ಲೌಸಿಗೆ ಹುಕ್ಕು ಹಚ್ಚೋ ಕೆಲಸ ಅಲ್ಲ."

ಎಲ್ಲರೂ ನಕ್ಕರು. ಅವರೂ ಸ್ವಲ್ಪ ನಕ್ಕರು. ಆಮೇಲೆ ಲೋಟವನ್ನು ಬೆರಳಿನಿಂದ ಮೆಲ್ಲಗೆ ಮುಂದೆ ಸರಿಸಿ, "ಹಂಗಾರೆ ಆ ಕೇಸು ಮುಗಿಯವರೆಗೆ ಯಂಗೆ ಚಾ ಬ್ಯಾಡ" ಎಂದರು. ಹಟ ಅಂದುಕೊಂಡೆವು, ಒಂದೆರಡು ತಿಂಗಳಲ್ಲಿ ಇಳಿಯುತ್ತದೆ ಅಂದುಕೊಂಡೆವು.

ಎರಡು ತಿಂಗಳಾದ ಮೇಲೆ ಶಿರಸಿಯಲ್ಲಿ, ಆ ಪತ್ರಿಕೆ ಅಚ್ಚಾಗುತ್ತಿದ್ದ ಹಳೆಯ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರ ಮನೆ ಖಾಲಿ ಮಾಡುವಾಗ, ಅವರ ಸೊಸೆ ನನ್ನನ್ನು ಕರೆದು ಒಂದು ಕಟ್ಟು ಕೊಟ್ಟರು. ಹತ್ತೊಂಬತ್ತನೆಯ ಕಂತು. ಅಚ್ಚಾಗದೆ ಉಳಿದ ಕರಡು, ಆರು ಹಾಳೆ. ಯಲ್ಲಾಪುರದ ಬಸ್ಸಿನಲ್ಲಿ ಕೂತು ಓದಿದೆ. ಗುಂಡಿ. ಎಡಕ್ಕೆ ಸುತ್ತಿದ ದಾರ. ತಂಗಿ. ಗಿರಿಜಕ್ಕ ಹೇಳಿದ್ದರಲ್ಲಿ ಒಂದಕ್ಷರವೂ ಆಚೀಚೆ ಇರಲಿಲ್ಲ. ಓದಿ ಮುಗಿಸಿ, ಕೈಗೆ ಅಂಟಿದ ಚಾಳಿ ನೋಡಿ — ಮೊದಲ ಹಾಳೆಯ ಮೇಲಿನ ಮೂಲೆಯಲ್ಲಿ 'ಸ್ವೀಕರಿಸಿದೆ' ಎಂದು ಬರೆದು, ತಾರೀಖು ಹಾಕಿ, ಸಣ್ಣ ಸಹಿ ಮಾಡಿದೆ. ಮದುವೆ ಕಾಗದ ಕೊಟ್ಟರೂ ಹಾಗೆ ಮಾಡುವವನು ನಾನು. ಬಳಗದಲ್ಲಿ ಅದೊಂದು ಮಾಮೂಲಿ ತಮಾಷೆ.

ಮುಂದಿನ ತಿಂಗಳ ಸಭೆಯಲ್ಲಿ ಹೇಳೋಣ ಅಂದುಕೊಂಡೆ. ಆ ಭಾನುವಾರ ಯಾರೋ ನನ್ನ ಕಿರುಪುಸ್ತಕಕ್ಕೆ ಸಹಿ ಕೇಳಿದರು — ಅದರ ಮರು ತಿಂಗಳೂ ಆಗಲಿಲ್ಲ — ಹೀಗೇ ಆರು ತಿಂಗಳಾಯಿತು, ತಡವಾದದ್ದಕ್ಕೇ ಒಂದು ಕಾರಣ ಬೇಕಾಯಿತು. ಕಾರಣ ಬೇರೆ ಏನೂ ಇಲ್ಲ. ಸೋಲು ಬೇಡವಾಗಿತ್ತು. ಅದರಲ್ಲೂ ಹೊಲಿಗೆಯವಳೊಬ್ಬಳ ಎದುರಿಗೆ. ಬರೆಯುವುದಕ್ಕೇ ಅಸಹ್ಯವಾಗುತ್ತಿದೆ, ಆದರೂ ಇದ್ದದ್ದು ಇದೇ.

ಅವರು ಮಾತ್ರ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಒಂಬತ್ತು ವರ್ಷ ಅವರ ಮುಂದೆ ಲೋಟ ಬಂತು, ಕೆನೆ ಕಟ್ಟಿತು. ಒಂಬತ್ತು ವರ್ಷ ಅದನ್ನು ಎತ್ತಿ ಚೆಲ್ಲಿದವನು ನಾನು.

ಈ ವರ್ಷದ ಬೇಸಿಗೆಯಲ್ಲಿ ಅವರ ಕಣ್ಣು ಪೂರ್ತಿ ಹೋಯಿತು. ಅಂಗಡಿ ಮುಚ್ಚಿ ಹೇರೂರಿನ ತಂಗಿಯ ಮನೆ ಸೇರಿದರು. ಶಿರಸಿಯ ಸಭೆಗೆ ತಂಗಿ ಕೈಹಿಡಿದು ಕರೆತಂದಿದ್ದರು. ಚಹಾ ಸುರಿದಾಯಿತು, ಆ ದಿನದ ಕೇಸು ಮುಗಿಯುವಷ್ಟರಲ್ಲಿ ತಣ್ಣಗಾಯಿತು. ಗಿರಿಜಕ್ಕ ಮೇಜಿನ ಮೇಲೆ ತಡಕಾಡಿ ಲೋಟ ಹಿಡಿದುಕೊಂಡರು.

"ಆನೇ ತಪ್ಪಿಕ್ಕು ಶಿರಸ್ತೇದಾರ್ರೇ. ಕಣ್ಣಂತೂ ಇಲ್ಲೆ, ಈಗ ಕೈ ಮೇಲೂ ನಂಬಿಕೆ ಇಲ್ಲೆ. ನಿಂಗ ಹೇಳಿದ್ದೇ ಸಮ. ಕುಡೀತೆ."

ತಪ್ಪು ತಮ್ಮದೇ ಇರಬಹುದೆಂದು ಒಪ್ಪಿಕೊಂಡು, ಕುಡಿದರು. ಬನವಾಸಿ ಕಡೆಯ ನಮ್ಮ ಅಧ್ಯಕ್ಷ ಬಸಣ್ಣ, "ಅಂತೂ ಕುಡದ್ರು ನೋಡ್ರಿ ಅಕ್ಕಾರು" ಎಂದು ಚಪ್ಪಾಳೆ ತಟ್ಟಿದ. ನೀವೆಲ್ಲ ತಟ್ಟಿದಿರಿ. ನಾನೂ ತಟ್ಟಿದೆ. ಅವರ ಗಂಟಲಲ್ಲಿ ಆ ತಣ್ಣನೆಯ ಚಹಾ ಇಳಿಯುವುದನ್ನು ನೋಡುತ್ತಲೇ ತಟ್ಟಿದೆ. ಒಬ್ಬರಿಗೆ ತಮ್ಮ ಕೈಯ ಮೇಲಿದ್ದ ನಂಬಿಕೆಯನ್ನೇ ನಾನು ತೆಗೆದಿದ್ದೆ.

ಮರುವಾರ ಹಾಳೆಗಳನ್ನು ಹಿಡಿದು ಹೇರೂರಿಗೆ ಹೋದೆ. ನಿಜ ಹೇಳುವುದಕ್ಕೆಂದೇ ಹೊರಟಿದ್ದೆ — ಸಿದ್ದಾಪುರದಲ್ಲಿ ಬಸ್ಸು ಬದಲಿಸುವ ತನಕ. ಅಲ್ಲಿ ಬೆಂಚಿನ ಮೇಲೆ ಕೂತು, ತಾರೀಖು ಬರೆದ ಮೂಲೆಯನ್ನು ಹರಿದೆ. ಹರಿದು, ಉಂಡೆ ಮಾಡಿ ಚರಂಡಿಗೆ ಹಾಕಿದೆ. "ಮೊನ್ನೆ ಶಿರಸಿಲಿ ಸಿಕ್ತು ಗಿರಿಜಕ್ಕ, ನಿಂಗಳೇ ಗೆದ್ರಿ" ಎಂದು ಹೇಳಿ ಆರೂ ಹಾಳೆ ಓದಿದೆ. ಅವರು ಕಣ್ಣೀರು ಹಾಕಿಕೊಂಡರು. ನನ್ನ ಎರಡೂ ಕೈ ಹಿಡಿದು, ಇಷ್ಟು ದೂರ ನನಗೋಸ್ಕರ ಬಂದಿರಲ್ಲ ಎಂದರು. ನಾನು ಅದನ್ನೂ ತೆಗೆದುಕೊಂಡೆ.

ಆಮೇಲೆ ಹಾಳೆಗಳನ್ನು ತೊಡೆಯ ಮೇಲಿಟ್ಟು ಬಟ್ಟೆ ಸವರುವ ಹಾಗೆ ಸವರಿದರು. ಬೆರಳು ಮೂಲೆಗೆ ಬಂದು ನಿಂತಿತು.

"ಈ ಮೂಲೆ ಎಂತ ಆತು?"

"ಇಲಿ ಕಡದ್ದಿಕ್ಕು," ಎಂದೆ.

ಅಂಚಿನ ಮೇಲೆ ಬೆರಳನ್ನು ಆಚೀಚೆ ಆಡಿಸಿದರು. "ಇದು ಈಗ ಹರದ್ದು. ಎಳೆ ಇನ್ನೂ ಎದ್ಕಂಡೇ ಇದ್ದು," ಎಂದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಹಾಳೆಗಳನ್ನು ಅವರ ತೊಡೆಯ ಮೇಲೇ ಬಿಟ್ಟು ಬಂದೆ.

ಶಾಲು ಹೊದೆಸಿದ ಸಭೆ ನಿಮಗೆ ನೆನಪಿದೆ. ಗಿರಿಜಕ್ಕನ ಮಾತೇ ನಿಜವಾಯಿತೆಂದು ಬಸಣ್ಣ ಭಾಷಣ ಮಾಡಿದ, ಎಲ್ಲರೂ ಲೋಟ ಎತ್ತಿದಿರಿ. ಅವರು ಎತ್ತಲಿಲ್ಲ. ಕಾಣದೆ ಕೂತಿದ್ದಾರೆಂದು ಯಾರೋ ಕೈಗೆ ಕೊಟ್ಟರೆ, ತಿರುಗಿ ಮೇಜಿನ ಮೇಲೆ ಇಟ್ಟರು. "ಇನ್ನೊಂದು ಮುಗದ್ದಿಲ್ಲೆ. ಆನು ಕಾಯ್ತೆ" ಎಂದರು. ಗೆದ್ದ ಮೇಲೂ ಹಟ ಬಿಡಲಿಲ್ಲವೆಂದು ನೀವು ನಕ್ಕಿರಿ. ಅವರ ಮುಖ ನಾನು ಕೂತ ಕಡೆಗೇ ಇತ್ತು. ಎದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು — ಶಾಲನ್ನು ಸರಿಮಾಡಿಕೊಂಡು ಕೂತೇ ಇದ್ದೆ. ಸಭೆ ಮುಗಿದ ಮೇಲೆ ಆ ಚಹಾವನ್ನೂ ಚೆಲ್ಲಿದೆ.

ಮೂರು ವಾರಕ್ಕೆ ಅವರು ಹೋದರು. ನಾನು ಹೇಳುತ್ತೇನೆಂದು ಕಾದೇ ಹೋದರು.

ಹದಿಮೂರನೆಯ ದಿನ ಹೇರೂರಿಗೆ ಹೋಗಿದ್ದಾಗ ತಂಗಿ ಆ ಹಾಳೆಗಳನ್ನು ತಂದುಕೊಟ್ಟರು. "ಅಕ್ಕ ನಿಂಗಕ್ಕೇ ಕೊಡವು ಹೇಳಿತ್ತು" ಎಂದರು. ಅವರಿಗೇನೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಬಿಚ್ಚಿ ನೋಡಿದೆ. ಹರಿದ ಮೂಲೆಗೆ ಗಿರಿಜಕ್ಕ ಖಾಲಿ ಕಾಗದದ ತುಂಡೊಂದನ್ನು ಸೂಜಿ ದಾರದಲ್ಲಿ ಹೊಲಿದಿದ್ದರು. ಕಣ್ಣಿಲ್ಲದೆ ಹೊಲಿದ ಹೊಲಿಗೆ, ವಕ್ರವಕ್ರ, ಎರಡು ಕಡೆ ಕಾಗದವೇ ಸೀಳಿದೆ. ಆ ಜಾಗದಲ್ಲಿ ನಾನು ಯಾವಾಗಲೂ ಏನು ಬರೆಯುತ್ತೇನೆಂದು ಅವರಿಗೆ ಗೊತ್ತಿತ್ತು. ತುಂಡಿನ ಮೇಲೆ ಏನೂ ಇರಲಿಲ್ಲ. ಬರೆಯುವುದನ್ನು ನನಗೇ ಬಿಟ್ಟಿದ್ದರು.

ಇವತ್ತು ಬೆಳಿಗ್ಗೆ ಅದರ ಮೇಲೆ ನಿಜವಾದ ತಾರೀಖು ಬರೆದು ಸಹಿ ಹಾಕಿದ್ದೇನೆ. ಹಾಳೆಗಳು, ಶಾಲು, ಕಾರ್ಯದರ್ಶಿಯ ಪುಸ್ತಕ — ಮೂರನ್ನೂ ಬಸಣ್ಣನ ಮೇಜಿನ ಮೇಲಿಟ್ಟು ಇದನ್ನು ನಿಮಗೆ ಓದಿ ಹೇಳುತ್ತಿದ್ದೇನೆ. ಕ್ಷಮೆ ಕೇಳಬೇಕಾದವರು ಈ ಕೋಣೆಯಲ್ಲಿಲ್ಲ, ಆದ್ದರಿಂದ ಕೇಳುವುದಿಲ್ಲ. ಕೇಸು ಮುಗಿಯಿತು, ನೀವು ಚಹಾ ಕುಡಿಯಿರಿ. ನನ್ನ ಲೋಟ ಹಾಗೇ ಇರಲಿ. ಚೆಲ್ಲುವುದಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ.